ಅಕ್ಕೋರು ಕಟ್ಟಿದ ಬೀಡಿ

ಸಿಟ್ಟು ಬಂದರೆ ನಮ್ಮ ಶಾಲೆಯ ಅಕ್ಕೋರ ಎಡಹುಬ್ಬು ಮಾತ್ರ ಮೇಲೇರುತ್ತಿತ್ತು, ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಸಿಟ್ಟು ಬರದ ದಿನವೇ ಇರಲಿಲ್ಲ ಬಿಡಿ. ಅದಕ್ಕೇ ನನಗೂ ಅವರಿಗೂ ಕೂಡಿಬಂತೇನೋ.

ಎಂಬತ್ತರ ದಶಕದ ನಿಪ್ಪಾಣಿ. ನಾನು ಏಳನೆಯ ಇಯತ್ತೆ. ಅಪ್ಪನ ಹೊಡೆತ ತಾಳದೆ ತವರಿಗೆ ಹೋದ ಅವ್ವ ತಿರುಗಿ ಬರಲಿಲ್ಲ. ಅಪ್ಪ ತಿಂಗಳೊಳಗೆ ಇನ್ನೊಬ್ಬಳನ್ನು ತಂದ. ಓಣಿ ಬೈದದ್ದು ಮಾತ್ರ ಅವ್ವನನ್ನು! ಶಾಲೆಯಲ್ಲಿ ಯಾರಾದರೂ ಅವಳ ಸುದ್ದಿ ಎತ್ತಿದರೆ ಕಚ್ಚುತ್ತಿದ್ದೆ. ಒಬ್ಬಳ ಹಣೆಗೆ ಬರೆಯುವ ಪಾಟಿಯಿಂದ ಹೊಡೆದ ದಿನ ಅಕ್ಕೋರು ಛಡಿ ಎತ್ತಿದರು. ಕೈ ಚಾಚಿದೆ. ಬೆರಳ ತುಂಬ ಕತ್ತರಿಯ ಗಾಯ.

"ಏನಬೇ ಇದು?"

"ಬೀಡಿ ಎಲಿ ಕತ್ತರಸ್ತೀನ್ರಿ."

ಛಡಿ ಕೆಳಗಿಳಿಯಿತು. ಅಂದೇ ಸಂಜೆ ಮನೆಗೆ ಬಂದರು. ಮಲತಾಯಿ ಎದ್ದು ನಿಲ್ಲಲೂ ಇಲ್ಲ. "ದಿನದ ಬೀಡಿ ಮುಗೀದ ಈಕಿ ಪುಸ್ತಕ ಮುಟ್ಟಂಗಿಲ್ರಿ. ಈ ಸಲ ನಪಾಸ ಆದ್ಲಂದ್ರ ಸಾಲಿ ಬಿಡಿಸಿ ತಂಬಾಕ ವಖಾರಿಗೆ ಕೂಲಿಗೆ ಕಳಸ್ತೀವಿ." ಅಪ್ಪ ಮೂಲೆಯಲ್ಲಿ ಕೂತು ಹಲ್ಲು ಕಿರಿದ.

ಅಕ್ಕೋರು ಸೆರಗು ಸಿಕ್ಕಿಸಿ ನನ್ನ ಮುಂದಿದ್ದ ಬೀಡಿ ಎಲೆಯ ಮೊರ ಎಳೆದುಕೊಂಡರು. "ಬೀಡಿ ನಾ ಕಟ್ತೀನಿ. ನೀ ಓದಬೇ."

ತಂಬಾಕಿನ ಘಾಟಿಗೆ ಸೀನುತ್ತ ಅವರು ಕಟ್ಟಿದ್ದೆಲ್ಲ ಮೊದಲ ದಿನ ಬಿಚ್ಚಿಹೋಯಿತು. "ಇವು ನಡ್ಯಂಗಿಲ್ರಿ" ಎಂದು ಮಲತಾಯಿ ಅವನ್ನು ಅವರ ಮಡಿಲಿಗೇ ಎಸೆದಳು. ಊರ ಮಕ್ಕಳಿಗೆ ಅಕ್ಷರ ಕಲಿಸಿದವರ ಮಡಿಲಿಗೆ! ಇವಳ ಕೈ ಸೇದಿಹೋಗಲಿ ಎಂದು ಶಪಿಸಿದೆ. ಅಕ್ಕೋರು ಬಿಚ್ಚಿ ಮತ್ತೆ ಕಟ್ಟಿದರು. ಕಿಟಕಿಯಲ್ಲಿ ನಿಂತು ನಗುತ್ತಿದ್ದ ಹೆಂಗಸರನ್ನು ಮಾತ್ರ ಬಿಡಲಿಲ್ಲ: "ಪುಕಟ ಆಟ ನೋಡಬ್ಯಾಡ್ರಿ, ಒಳಗ ಬಂದು ಎಲಿ ಕತ್ತರಸ್ರಿ!"

ಪರೀಕ್ಷೆಯ ತನಕ ಎರಡು ತಿಂಗಳು ದಿನಾ ಸಂಜೆ ಬಂದರು, ಕತ್ತಲಾದ ಮೇಲೆ ಎದ್ದು ಹೋಗುತ್ತಿದ್ದರು. ನಾನು ಎದುರಿಗೆ ಕೂತು ರೊಟ್ಟಿ ತಿನ್ನುತ್ತ ಓದುತ್ತಿದ್ದೆ. ಒಮ್ಮೆ ತುಂಡು ಮುರಿದು ಚಾಚಿದರೆ, "ನನಗ ಹಸಿವಿಲ್ಲ. ಲೆಕ್ಕಾ ತಪ್ಪಿದ್ರ ನೋಡ ಮತ್ತ!" ಎಂದು ಗದರಿದರು.

ಪಾಸಾದೆ. ಅಪ್ಪನೊಡನೆ ಜಗಳವಾಡಿ ಚಿಕ್ಕೋಡಿಯ ಹಾಸ್ಟೆಲಿಗೆ ಅವರೇ ಸೇರಿಸಿದರು.

ಎಷ್ಟೋ ವರ್ಷಗಳ ಮೇಲೆ ಅವರು ತೀರಿಕೊಂಡಾಗ ಹೋಗಿದ್ದೆ. ಯಾರೋ ಒಬ್ಬ "ಶಾಂತ ಸ್ವಭಾವದವರು" ಎಂದು ಭಾಷಣ ಬಿಗಿದ. ಸುಳ್ಳುಬುರುಕ! ಆಮೇಲೆ ಅವರ ಮಗಳು ನನ್ನನ್ನು ಪಕ್ಕಕ್ಕೆ ಕರೆದಳು. "ಆ ಎರಡ ತಿಂಗಳ ಅವ್ವ ರಾತ್ರಿ ಉಂಡೇ ಇಲ್ರಿ. ನಾವು ಜೈನರು, ಹೊತ್ತು ಮುಳುಗಿದ ಮ್ಯಾಲ ಉಣ್ಣಂಗಿಲ್ಲ. ನಿಮ್ಮ ಮನಿಯಿಂದ ಬರೂದ್ರಾಗ ಕತ್ತಲಾಗತಿತ್ತು."

ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಒಂದು ಮಾತು ಹೇಳಬಾರದಿತ್ತೇ ಅಕ್ಕೋರೇ? ಹೇಳಿದ್ದರೆ ಪುಸ್ತಕ ಮುಚ್ಚಿಟ್ಟು, ಉಳಿದ ಬೀಡಿ ನಾನೇ ಕಟ್ಟಿ, ಹೊತ್ತಿರುವಾಗಲೇ ಅವರನ್ನು ಕಳಿಸಿಬಿಡುತ್ತಿದ್ದೆ. ಅದು ಅವರಿಗೆ ಗೊತ್ತಿತ್ತು.