ಕಂಬದ ಪಕ್ಕದ ಮುತ್ತಜ್ಜ

ಗೆಳೆಯರೇ, ಇಂದು ಶಿರಸಿಯ ಹಳೇ ಫೋಟೋ ಪ್ರದರ್ಶನದಲ್ಲಿ ಒಬ್ಬ ಮುತ್ತಜ್ಜನಿಗಾಗಿ ಇಬ್ಬರು ಯಜಮಾನರು ಕಿತ್ತಾಡಿದರು. ಬ್ರಿಟಿಷರ ಕಾಲದಲ್ಲಿ ಯಾರೋ ಹೆಸರು ತಿಳಿಯದ ಫೋಟೋಗ್ರಾಫರ್ ತೆಗೆದ ಬನವಾಸಿ ದೇವಸ್ಥಾನದ ಚಿತ್ರ. ಕಂಬದ ಪಕ್ಕ ಒಬ್ಬ ನಿಂತಿದ್ದಾನೆ.

“ಅಂವ ನಮ್ಮನೆ ಮುತ್ತಜ್ಜ. ಮೂಗು ನೋಡು!” ಎಂದರು ಗಣಪಣ್ಣ.

“ಸುಳ್ಳು ಹೇಳಡ. ಆ ಮೂಗು ನಮ್ಮನೇದು,” ಎಂದರು ಮಂಜಣ್ಣ.

ಚಿತ್ರದಲ್ಲಿ ಮುಖವೇ ಮಸುಕು. ಮೂಗು ಮಾತ್ರ ಇಬ್ಬರಿಗೂ ಸ್ಪಷ್ಟ.

ನನಗೆ ತಡೆಯಲಾಗಲಿಲ್ಲ. “ಕಂಬದ ಎತ್ತರ ಗೊತ್ತಾಗ್ಲಿ ಹೇಳಿ, ಆಗಿನ ಫೋಟೋಗ್ರಾಫರು ಕ್ಯಾಮೆರಾ ಹೊರೋ ಕೂಲಿಯಂವನ್ನೇ ಪಕ್ಕದಲ್ಲಿ ನಿಲ್ಲಿಸ್ತಿದ್ವಡ,” ಎಂದೆ.

ಗಣಪಣ್ಣ ಕನ್ನಡಕ ತೆಗೆದರು. “ಹಂಗಾರೆ ನಿಮ್ಮನೆ ಅಜ್ಜನೇ ಆಗಿಕ್ಕು, ಮಂಜಣ್ಣ.”

“ಛೆ ಛೆ, ಮೂಗು ಥೇಟ್ ನಿಮ್ಮನೇದೇಯ!”

ಎರಡು ಮನೆತನಕ್ಕೆ ಹಿರಿಯನಾಗಿದ್ದವನು ಚಹಾ ಬರುವಷ್ಟರಲ್ಲಿ ಅನಾಥನಾಗಿದ್ದ. ಅಂದ ಹಾಗೆ, ಅವನು ಕೂಲಿಯವನು ಎನ್ನಲು ನನ್ನ ಬಳಿ ಇದ್ದ ಸಾಕ್ಷಿಯೂ ಅದೇ ಮಸುಕು ಮೂಗು.