ಇಶ್ಯೂ ಇಲ್ಲ ಅಂದವರಿಗೆ

ನಿನ್ನೆ ಮಧ್ಯಾಹ್ನ ನೆಂಟರೊಬ್ಬರು ಬಂದಿದ್ದರು. ಕಾಫಿ ಕೊಟ್ಟ ನನ್ನ ಸೊಸೆ ಒಳಗೆ ಹೋಗುವವರೆಗೆ ಕಾದು, ಲೋಟ ಕೆಳಗಿಟ್ಟು, ದನಿ ತಗ್ಗಿಸಿ ಕೇಳಿದರು: "ಏನಮ್ಮಾ, ಇವಳಿಗಿನ್ನೂ ಇಶ್ಯೂ ಇಲ್ಲವೇ?" ನನಗೆ ಮೈಯೆಲ್ಲ ಉರಿದುಹೋಯಿತು. ಮಕ್ಕಳಿಲ್ಲವೇ ಎಂದು ಕನ್ನಡದಲ್ಲಿ ಕೇಳಲು ನಾಚಿಕೆ, ಇಂಗ್ಲಿಷಿನಲ್ಲಿ ಕೇಳಿದರೆ ಮರ್ಯಾದೆ! ಈ ದರಿದ್ರ ಮಾತು ಇನ್ನೂ ಸತ್ತಿಲ್ಲವಲ್ಲ ಶಿವನೇ ಅಂದುಕೊಂಡೆ.

ಆ ಮಾತಿಗೂ ನನಗೂ ಹಳೆಯ ಜಗಳ. ನಾನು ಲೋಯರ್ ಸೆಕೆಂಡರಿ ಪಾಸಾದವಳು. ಹೊಳೆನರಸೀಪುರದ ಬೆಲ್ಲದ ಮಂಡಿಯವರ ಮನೆಗೆ ಸೊಸೆಯಾಗಿ ಬಂದಾಗ ಟ್ರಂಕಿನಲ್ಲಿ ಸೀರೆಗಳ ನಡುವೆ ಒಂದು ಇಂಗ್ಲಿಷ್ ನಿಘಂಟು ಇಟ್ಟುಕೊಂಡು ಬಂದಿದ್ದೆ. ಅದರ ಗರ್ವ ಏನು ಕೇಳುತ್ತೀರಿ! ನನ್ನ ಇಂಗ್ಲಿಷಿನಿಂದ ಆ ಮನೆಯ ಸಾರಿಗೆ ಒಂದು ಒಗ್ಗರಣೆಯೂ ಬೀಳಲಿಲ್ಲ, ಅದು ಬೇರೆ ಮಾತು.

ಮನೆಯ ಹಿರಿಯ ಸೊಸೆ ಗೌರಕ್ಕ, ನನ್ನ ಭಾವನವರ ಹೆಂಡತಿ. ಅವಳಿಗೆ ಮಕ್ಕಳಿರಲಿಲ್ಲ. ಹಾಸನದಿಂದ ಮಂಡಿಯ ವ್ಯಾಜ್ಯ ನೋಡಲು ಪ್ಲೀಡರೊಬ್ಬರು ಬರುತ್ತಿದ್ದರು. ಗೌರಕ್ಕನೇ ಬಡಿಸಿದ ಹೋಳಿಗೆಗೆ ಗೌರಕ್ಕನೇ ತುಪ್ಪ ಹಾಕುತ್ತಿರುವಾಗ ಆ ಮಹಾಶಯರು ಭಾವನವರಿಗೆ ಹೇಳುತ್ತಿದ್ದರು: "ನೋ ಇಶ್ಯೂ ಅಂದ್ಮೇಲೆ ಇನ್ನೇನು ಯೋಚ್ನೆ? ಇನ್ನೊಂದು ಮಾಡ್ಕೊಳ್ಳಿ." ಎದುರಿಗೆ ನಿಂತವಳು ಮನುಷ್ಯಳೋ ಕಂಬವೋ?

ಆ ದಿನ ಮುಸುರೆ ತಿಕ್ಕುತ್ತಾ ಗೌರಕ್ಕ ಕೇಳಿದಳು: "ಇಶ್ಯೂ ಅಂದ್ರೇನೇ? ನಿನ್ ಬುಕ್ಕಲ್ಲಿ ನೋಡಿ ಯೋಳು."

ನೋಡಿದೆ. ನುಂಗಿಕೊಳ್ಳೋಣವೆಂದರೆ ಅವಳ ಕಣ್ಣು ಬಿಡಲಿಲ್ಲ. ಮೂಲ ಲ್ಯಾಟಿನ್ನಿನದು, ಫ್ರೆಂಚಿನವರ ಮನೆ ಹೊಕ್ಕು ಇಂಗ್ಲಿಷಿಗೆ ಬಂದದ್ದು; ಹುಟ್ಟರ್ಥ ಹೊರಗೆ ಹೋಗುವುದು. ನೀರು ಹೊರಗೆ ಹರಿಯುವುದೂ ಅದೇ, ಪತ್ರಿಕೆಯ ಸಂಚಿಕೆಯೂ ಅದೇ, ಕೋರ್ಟಿನಲ್ಲಿ ತೀರ್ಮಾನವಾಗಬೇಕಾದ ವಿಷಯವೂ ಅದೇ. ಯುದ್ಧದ ಕಾಲ ಅದು. ರೇಷನ್ ಡಿಪೋದವನು ಅಕ್ಕಿ ಕೊಡುವುದಕ್ಕೂ ಇಶ್ಯೂ ಎನ್ನುತ್ತಿದ್ದ. ನಿಘಂಟಿನಲ್ಲಿ ಎಲ್ಲಕ್ಕೂ ಕೊನೆಯ ಅರ್ಥ ಸಂತಾನ.

ಗೌರಕ್ಕ ಕೈಯ ಬೂದಿ ತೊಳೆದುಕೊಂಡಳು. "ಇಷ್ಟೆಲ್ಲಾ ಅರ್ಥ ಇಟ್ಕಂಡು, ನನ್ ತಲೆ ಮ್ಯಾಲೆ ಒಂದನ್ನೇ ತಂದಾಕ್ತಾರಲ್ಲ. ಕೋರ್ಟಲ್ಲಿ ತೀರ್ಮಾನ ಆಗ್ಬೇಕಾದ್ದು ಅಂದ್ಯಲ್ಲ, ಅದಾದ್ರೂ ಆಗ್ಲಿ" ಅಂದಳು. ನಾನು ತಮಾಷೆ ಎಂದುಕೊಂಡೆ.

ಹಳ್ಳಿಮೈಸೂರಿನ ಕಡೆ ಭಾವನವರಿಗೆ ಒಂದು ಹೆಣ್ಣು ಗೊತ್ತಾಯಿತು. ಆ ಹುಡುಗಿಗೆ ನನಗಿಂತ ಚಿಕ್ಕ ವಯಸ್ಸು. ಹೆಣ್ಣಿನ ಕಡೆಯವರದ್ದು ಒಂದೇ ಪಟ್ಟು: ಮೊದಲನೆಯವಳು ತಾನೇ ಬಂದು, ಬಾಯಿಬಿಟ್ಟು ಒಪ್ಪಿಗೆ ಹೇಳಬೇಕು. ಆಗೆಲ್ಲ ಹೀಗೆ ಕೇಳುತ್ತಿದ್ದರು. ಕುತ್ತಿಗೆ ಕೊಯ್ಯುವವರು ಕತ್ತಿಯನ್ನೂ ಅವಳ ಕೈಯಿಂದಲೇ ತರಿಸುತ್ತಿದ್ದರು. ಭಾವನವರಿಗೆ ಅನುಮಾನವೇ ಬರಲಿಲ್ಲ. ಅಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವಳು ಅಲ್ಲಿ ತಲೆ ಆಡಿಸಿ ಬರುತ್ತಾಳೆ ಎಂದುಕೊಂಡು ಕಮಾನು ಗಾಡಿ ಕಟ್ಟಿಸಿದರು. ಜೊತೆಗೆ ನನ್ನನ್ನೂ ಕೂರಿಸಿದರು.

ಅಲ್ಲಿ ತಾಂಬೂಲದ ತಟ್ಟೆ ನಡುವೆ ಬಂತು. ಎಲ್ಲರೂ ಗೌರಕ್ಕನ ಮುಖ ನೋಡಿದರು. ಅವಳು ಗಂಡಸರ ಕಡೆ ತಿರುಗಲೇ ಇಲ್ಲ, ಹುಡುಗಿಯ ತಾಯಿಗೆ ಹೇಳಿದಳು:

"ತಾಯಿ, ಹೆಣ್ಣು ನಿಮ್ದು, ಕೊಡೋದು ಬಿಡೋದು ನಿಮ್ಮಿಷ್ಟ. ನನ್ನ ಹಾಸನದ ಆಸ್ಪತ್ರೆಗೆ ಕರ್ಕಂಡೋಗಿದ್ರು. ಡಾಕ್ಟ್ರಮ್ಮ ನೋಡಿ, ನಿನ್ನಲ್ಲಿ ಏನೂ ಊನ ಇಲ್ಲ, ಯಜಮಾನ್ರನ್ನ ಕಳ್ಸು ಅಂದ್ರು. ಇವ್ರು ಓಗ್ನಿಲ್ಲ. ಅರಕಲಗೂಡಿಂದ ಬೇರು ತರ್ಸಿ ಅರ್ದ್ರು, ಅದನ್ನೂ ನಾನೇ ಕುಡ್ದೆ. ಇವ್ರು ಒಂದ್ಸಲ ಓಗಿ ತೋರ್ಸ್ಕಂಡು ಬರ್ಲಿ. ಆಮೇಲೆ ನಾನೇ ಬಂದು ನಿಮ್ಮ ಮಗಳಿಗೆ ಹೂವ ಮುಡಿಸ್ತೀನಿ."

"ಏಳೇ ಮೇಲೆ!" ಎಂದು ಭಾವನವರು ಗುಡುಗಿದರು. ಗೌರಕ್ಕ ಏಳಲಿಲ್ಲ. ಹುಡುಗಿಯ ತಾಯಿ ತಾಂಬೂಲದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಆ ಸಂಬಂಧ ಅಲ್ಲಿಗೇ ಮುರಿಯಿತು. ಪ್ಲೀಡರು ಮತ್ತೆ ನಮ್ಮ ಮನೆಯಲ್ಲಿ ಆ ಮಾತೆತ್ತಲಿಲ್ಲ. ಭಾವನವರು ಚನ್ನರಾಯಪಟ್ಟಣದ ಕಡೆ ಹೆಣ್ಣು ನೋಡುವ ಸುದ್ದಿ ಬಂತು, ಅದೂ ತಣ್ಣಗಾಯಿತು. ಎಲ್ಲಿ ಹೋದರೂ ಅದೇ ಪ್ರಶ್ನೆ ಕೇಳುತ್ತಾರೆ ಎಂಬ ಭಯವಿರಬೇಕು. ಆಸ್ಪತ್ರೆಗೆ ಮಾತ್ರ ಹೋಗಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಇಳಿಯದಿರುವುದು ಇದಕ್ಕೇ. ಮಗು ಬೇಕು ಮಗು ಬೇಕು ಎಂದು ಹೆಂಡತಿಯ ಜೀವ ಹಿಂಡಿದ ಮನುಷ್ಯನಿಗೆ ಹಾಸನದ ಬಸ್ಸು ಹತ್ತುವುದು ಅಷ್ಟು ಕಷ್ಟವೇ? ವಂಶ ನಿಂತುಹೋದರೂ ಚಿಂತೆಯಿಲ್ಲ, ತಪ್ಪು ಅವಳದ್ದಾಗಿಯೇ ಉಳಿಯಬೇಕು! ಮಕ್ಕಳಾಗದೆ ಉಳಿದವರು ಇಬ್ಬರು, ಬಂಜೆ ಅನ್ನಿಸಿಕೊಂಡವಳು ಒಬ್ಬಳು. ಅವಳು ಸತ್ತ ದಿನವೂ ಜನ ಹಾಗೆಯೇ ಅಂದರು.

ಇರಲಿ. ನಿನ್ನೆಯ ನೆಂಟರಿಗೆ "ಅದನ್ನ ನನ್ನ ಮಗನ್ನ ಕೇಳಿ" ಅಂದೆ. ಅವರು ಲೋಟ ಖಾಲಿ ಮಾಡದೆ ಎದ್ದರು. ಸಂಜೆ ಮಗ ಬಂದ. ನಿಘಂಟು ನನ್ನ ತೊಡೆಯ ಮೇಲೇ ಇತ್ತು, ಬೆನ್ನು ಹರಿದು ಎಷ್ಟೋ ಕಾಲವಾಗಿದೆ.

"ನಿನ್ನ ಹೆಂಡ್ತೀನ ಎಷ್ಟು ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದೆ?" ಅಂದೆ.

"ಇಬ್ರ ಹತ್ರ."

"ನೀನು ಹೋದದ್ದು?"

ಅವನು ಚಪ್ಪಲಿ ಬಿಡುತ್ತಿದ್ದವನು ಹಾಗೇ ನಿಂತ. ಒಳಗೆ ಪಾತ್ರೆಯ ಸದ್ದು ನಿಂತಿತು.

"ನಾಳೆ ಮೊದಲನೇ ಬಸ್ಸು," ಅಂದೆ. "ನಾನೂ ಬರ್ತೀನಿ. ಅವಳು ಮನೇಲಿರ್ತಾಳೆ."