ಹೊಸ ಪಂಪಿಗೆ ಮಾಡಿದ ಪೂಜೆ

ಹೊಸ್ತಿಲ ಬಳಿ ಕರ್ಪೂರ ಹಚ್ಚಿಕೊಂಡು ಗೆಳೆಯನ ತಾಯಿ ಕಾರಿನವರೆಗೆ ನಡೆದು ಬಂದದ್ದು ಹತ್ತು ಹೆಜ್ಜೆ. ಹನ್ನೊಂದೂ ಇರಬಹುದು. ಗಾಳಿಗೆ ಆರದಿರಲೆಂದು ಎಡಗೈಯನ್ನು ಅಡ್ಡ ಮಾಡಿಕೊಂಡು, ಬಲಗೈಯಲ್ಲಿ ತಟ್ಟೆ ಹಿಡಿದು, ನಿಧಾನವಾಗಿ ಬಂದರು. ಆ ನಡಿಗೆಯನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಮತ್ತೆ ನಡೆಸಿದ್ದೇನೋ ಲೆಕ್ಕವಿಲ್ಲ. ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ, ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿದಾಗ. ಪ್ರತಿ ಸಲವೂ ನಾಲ್ಕನೆಯ ಹೆಜ್ಜೆಗೆ ನಾನು ಬಾಯಿ ತೆರೆದು, "ಅಮ್ಮ, ಅಲ್ಲೇ ನಿಲ್ಲಿ" ಅನ್ನುತ್ತೇನೆ. ಅಂದು ಮಾತ್ರ ಅನ್ನಲಿಲ್ಲ.

ಆಗ ನಾನು ದಾವಣಗೆರೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಮೈಸೂರು ಕಡೆಯಿಂದ ಹೋದವನು. ಪಿ.ಜೆ. ಬಡಾವಣೆಯ ಒಂದು ಮನೆಯ ಹಿಂಬದಿಯಲ್ಲಿ ಕೋಣೆ ಹಿಡಿದಿದ್ದೆ. ಮನೆಯವರು ಒಳ್ಳೆಯವರೇ, ಆದರೆ ನನ್ನ ಬಾಗಿಲು ಓಣಿಗಿತ್ತು, ಅವರದು ರಸ್ತೆಗಿತ್ತು. ಶನಿವಾರ ಮಧ್ಯಾಹ್ನ ಲ್ಯಾಬಿಗೆ ಬೀಗ ಹಾಕಿದರೆ ಸೋಮವಾರ ಬೆಳಿಗ್ಗೆಯವರೆಗೆ ನನ್ನೊಡನೆ ಮಾತಾಡುವವನು ಹೋಟೆಲಿನ ಮಾಣಿ ಒಬ್ಬನೇ, ಅದೂ "ಏನು ಕೊಡ್ಲಿ?" ಎಂಬಷ್ಟು. ಕೆಲವು ಸೋಮವಾರ ಹಾಜರಿ ಕರೆಯುವಾಗ ನನ್ನ ದನಿ ನನಗೇ ಒರಟಾಗಿ ಕೇಳುತ್ತಿತ್ತು.

ಗೆಳೆಯ ಸಿಕ್ಕಿದ್ದು ರೈಲಿನಲ್ಲಿ. ಎದುರು ಸೀಟಿನಲ್ಲಿ ಕೂತಿದ್ದವನು ಎಣ್ಣೆ ಕಲೆಯಾದ ಒಂದು ಇಂಗ್ಲಿಷ್ ಪುಸ್ತಿಕೆಯನ್ನು ನನ್ನ ಮುಂದೆ ಹಿಡಿದು, "ನೋಡಿದ್ರ ಓದಿದೋರ ಥರ ಕಾಣ್ತೀರಿ. ಇದೇನೈತಿ ಸ್ವಲ್ಪ ಹೇಳ್ರಲ್ಲ" ಅಂದ. ಅದು ಕಾರ್ಬುರೇಟರಿನ, ಎಂದರೆ ಎಂಜಿನ್ನಿಗೆ ಪೆಟ್ರೋಲು ಗಾಳಿ ಬೆರೆಸಿ ಕೊಡುವ ಭಾಗದ ಪುಸ್ತಿಕೆ. ಅವನು ಹರಿಹರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಮದುವೆಯಾಗಿರಲಿಲ್ಲ, ತಾಯಿಯೊಂದಿಗೆ ಹೊಳೆಯ ಕಡೆಯ ಓಣಿಯಲ್ಲಿ ಇದ್ದ. ಹರಿಹರ ಬರುವ ಹೊತ್ತಿಗೆ ಎರಡು ಪುಟ ಮುಗಿದಿತ್ತು. "ಉಳಿದದ್ದು ಮನ್ಯಾಗ ಓದೋಣ ಬರ್ರಿ, ಅವ್ವ ರೊಟ್ಟಿ ಬಡೀತಾಳೆ" ಎಂದು ಚೀಲ ಎತ್ತಿಕೊಂಡು ಇಳಿದೇಬಿಟ್ಟ. ನನಗೆ ಹರಿಹರದಲ್ಲಿ ಕೆಲಸವೇನೂ ಇರಲಿಲ್ಲ. ಹೊಳೆ ನೋಡಲೆಂದು ಹೊರಟಿದ್ದೆ. ಅವನ ಹಿಂದೆ ಹೋದೆ.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಹೋದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮಜ್ಜಿಗೆ. ಅವನ ತಾಯಿ ಒಲೆಯ ಮುಂದೆ ಕೂತಲ್ಲಿಂದಲೇ, "ತಮ್ಮಾ, ಇನ್ನೊಂದು ಹಾಕ್ಕೋರಿ, ಯಾಕ ಹಂಗ ಲೆಕ್ಕ ಮಾಡಿ ಉಣ್ತೀರಿ" ಅನ್ನುತ್ತಿದ್ದರು. ನಾನು ಉಂಡೆನೋ ಇಲ್ಲವೋ ಎಂದು ಕೇಳುವ ಮನೆ ಆ ಸೀಮೆಯಲ್ಲಿ ಅದೊಂದೇ ಇತ್ತು. ವಾರದ ಉಳಿದ ಆರು ದಿನ ಆ ಒಂದು ದಿನಕ್ಕೆ ನೇತುಬಿದ್ದಿರುತ್ತಿದ್ದವು.

ಅಂಗಳದಲ್ಲಿ ಕಾರು ನಿಂತಿರುತ್ತಿತ್ತು. ಇಬ್ಬರೇ ಕೂರುವ ಹಳೆಯ ಇಂಗ್ಲಿಷ್ ಕಾರು. ದಾವಣಗೆರೆಯ ಒಬ್ಬ ಹತ್ತಿ ವ್ಯಾಪಾರಿ ಶೋಕಿಗೆ ತರಿಸಿ, ಎಂಜಿನ್ ಹಿಡಿದುಕೊಂಡು ತಿರುಗದಾದ ಮೇಲೆ ಹತ್ತಿ ಗಿರಣಿಯ ಹಿಂದೆ ಬಿಸಾಡಿದ್ದ. ಕೋಳಿಗಳು ಅದರಲ್ಲಿ ಮೊಟ್ಟೆ ಇಡುತ್ತಿದ್ದವಂತೆ. ಗೆಳೆಯ ಅದನ್ನು ಬೇಡಿ ತಂದು ಮೂರು ವರ್ಷ ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದಿದ್ದ. ಒಂದಿದ್ದ ಕಾರ್ಬುರೇಟರನ್ನು ಎರಡು ಮಾಡಿದ್ದ. ಈಗ ಅದು ಓಡುತ್ತಿತ್ತು ಎನ್ನುವುದಕ್ಕಿಂತ ಎಗರುತ್ತಿತ್ತು ಅನ್ನಬೇಕು.

ಅವನಿಗೆ ಒಂದೇ ಹಟ. ದಾವಣಗೆರೆಗೂ ಹರಿಹರಕ್ಕೂ ನಡುವೆ ರಸ್ತೆ ಒಂದಷ್ಟು ದೂರ ರೈಲುಹಾದಿಯ ಪಕ್ಕದಲ್ಲೇ ಸಾಗುತ್ತದೆ. ಅಲ್ಲಿ ಮೇಲ್ ರೈಲನ್ನು ಹಿಂದೆ ಹಾಕಬೇಕು. ಒಂದು ಸಲ ನಾನೂ ಪಕ್ಕದಲ್ಲಿ ಕೂತಿದ್ದೆ. ಎಂಜಿನ್ನಿನ ಸರಿಸಮ ಬಂದೆವು. ಇನ್ನೇನು ಮುಂದೆ ಹೋಗಬೇಕು, ಕಾರು ಬಿಕ್ಕಳಿಸಿ ಸೊರಗಿತು. ರೈಲಿನ ಡ್ರೈವರ್ ಕಿಟಕಿಯಿಂದ ಬಗ್ಗಿ ತಲೆವಸ್ತ್ರ ಬಿಚ್ಚಿ ಬೀಸಿದ.

"ನೋಡಿದ್ರಾ ಮೇಷ್ಟ್ರೆ, ಹೆಣ್ಣು ಕಳಿಸಿಕೊಡೋರಂಗ ಟಾಟಾ ಮಾಡ್ತಾನ" ಎಂದು ಗೆಳೆಯ ಹಲ್ಲು ಕಡಿದ. ಕಾರಣ ಅವನಿಗೆ ತಿಳಿದಿತ್ತು. ಎರಡು ಕಾರ್ಬುರೇಟರು ಕುಡಿಯುವಷ್ಟು ಪೆಟ್ರೋಲನ್ನು ಟ್ಯಾಂಕಿನಿಂದ ಎಳೆದು ಕೊಡುವ ಶಕ್ತಿ ಹಳೆಯ ಪಂಪಿಗೆ ಇರಲಿಲ್ಲ. "ಎರಡು ಮಕ್ಕಳಿಗೆ ಒಂದ ಎಮ್ಮಿ ಹಾಲು ಸಾಲಾಂಗಿಲ್ಲ."

ಹುಬ್ಬಳ್ಳಿಯ ಗುಜರಿಯಿಂದ ಅವನು ಒಂದು ವಿದ್ಯುತ್ ಪಂಪು ತಂದ. ಯಾವುದೋ ದೊಡ್ಡ ಮಿಲಿಟರಿ ಗಾಡಿಯದು. ಅದರ ಜೊತೆ ಬಂದ ಹಾಳೆಗಳನ್ನು ನಾನೇ ಓದಿ ಹೇಳಿದೆ. ಇದನ್ನು ಎಂಜಿನ್ ಹತ್ತಿರವಲ್ಲ, ಹಿಂದೆ ಟ್ಯಾಂಕಿನ ಬಳಿ ಕೂರಿಸಬೇಕು. ಚಾವಿ ತಿರುಗಿಸಿದ ಕೂಡಲೇ ಟಿಕ್ ಟಿಕ್ ಎಂದು ಬಡಿಯುತ್ತದೆ. ಕಾರ್ಬುರೇಟರಿನ ಬಟ್ಟಲು ತುಂಬಿದ ಮೇಲೆ ಸದ್ದು ನಿಲ್ಲಬೇಕು. ನಿಲ್ಲದಿದ್ದರೆ ಪೆಟ್ರೋಲು ಎಲ್ಲೋ ಹೊರಗೆ ಹೋಗುತ್ತಿದೆ ಎಂದರ್ಥ. ಇದನ್ನು ನಾನು ಎರಡು ಸಲ ಓದಿದ್ದೆ. ಅವನು ತಲೆಯಾಡಿಸಿದ್ದ.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಹಿಂದಿನ ಮಳೆಗಾಲದಲ್ಲಿ ಹೊಳೆಯ ನೀರು ಕೆಂಪಗೆ ಬಂದಾಗ, ಅದನ್ನು ಕುದಿಸಿ ಕುಡಿಯಬೇಕೆಂದು ನಾನು ಅವನ ತಾಯಿಗೆ ಹೇಳಿದ್ದೆ. ಸುಮ್ಮನೆ ಹೇಳಿದ್ದರೆ ಆಗುತ್ತಿತ್ತು. ಪಾಠ ಮಾಡುವವನ ಚಟ, ನೀರಿನಲ್ಲಿ ಏನೇನಿರುತ್ತದೆ ಎಂದೂ ವಿವರಿಸಿದೆ. ಗೆಳೆಯ ನಕ್ಕು, "ಯವ್ವ, ಮೇಷ್ಟ್ರು ನಮ್ಮ ಹೊಳಿಗೇ ನಪಾಸು ಮಾಡಿದ್ರು" ಅಂದ. ಅವರು ನಗಲಿಲ್ಲ. ಎರಡು ಭಾನುವಾರ ನನಗೆ ಬಡಿಸಿದರು, ಆದರೆ ಇನ್ನೊಂದು ಹಾಕಿಕೊಳ್ಳಿ ಅನ್ನಲಿಲ್ಲ. ಆ ಎರಡು ವಾರ ನಾನು ಎಷ್ಟು ಕುಗ್ಗಿಹೋದೆ ಎಂದರೆ, ಆ ಮನೆಯಲ್ಲಿ ಇನ್ನು ಮೇಲೆ ಯಾರನ್ನೂ ತಿದ್ದುವುದಿಲ್ಲ ಎಂದು ರೈಲಿನಲ್ಲಿ ಕೂತು ತೀರ್ಮಾನ ಮಾಡಿದ್ದೆ.

ಪಂಪು ಕೂರಿಸಿದ್ದು ಒಂದು ಭಾನುವಾರ ಬೆಳಿಗ್ಗೆ. ನಾನು ಹೋಗುವಷ್ಟರಲ್ಲಿ ಗೆಳೆಯ ಹಳೆಯ ಪಂಪನ್ನು ಬಿಚ್ಚಿ, ಅದು ಕೂತಿದ್ದ ಎಂಜಿನ್ನಿನ ತೂತಿಗೆ ತಗಡಿನ ಮುಚ್ಚಳ ಬಿಗಿದಿದ್ದ. ಹೊಸದನ್ನು ಕಾರಿನ ಹಿಂಭಾಗದಲ್ಲಿ ಎರಡು ಬೋಲ್ಟಿಗೆ ಕೂರಿಸಿದೆವು. ನಾನು ಸ್ಪ್ಯಾನರ್ ಹಿಡಿದೆ, ಅವನು ಅಂಗಾತ ಮಲಗಿ ಬಿಗಿದ. ತಾಮ್ರದ ಕೊಳವೆಯನ್ನು ಕಾರಿನ ಹೊಟ್ಟೆಯಡಿ ಎಂಜಿನ್ನಿನವರೆಗೆ ಎಳೆದ. ಒಂದು ವೈರನ್ನು ಚಾವಿಗೆ ಕೊಟ್ಟ. ಕೆಲಸ ಅಚ್ಚುಕಟ್ಟಾಗಿತ್ತು, ಒಂದು ಕೊಳವೆಯೂ ಸೋರುತ್ತಿರಲಿಲ್ಲ. ತಪ್ಪು ಇದ್ದದ್ದು ಬೇರೆ ಕಡೆ. ಆ ಪಂಪಿನ ಒತ್ತಡ ಈ ಸಣ್ಣ ಕಾರ್ಬುರೇಟರುಗಳು ತಡೆಯುವಂಥದಲ್ಲ. ಬಟ್ಟಲು ತುಂಬಿದಾಗ ಬಾಯಿ ಮುಚ್ಚಬೇಕಾದ ಸೂಜಿಯನ್ನು ತಳ್ಳಿಕೊಂಡು ಪೆಟ್ರೋಲು ಮೇಲೆ ಬರುತ್ತಲೇ ಇತ್ತು. ಆ ಹಾಳೆಗಳಲ್ಲಿ ಒತ್ತಡದ ಅಂಕಿಯೂ ಇತ್ತು. ಅದನ್ನು ಮಾತ್ರ ನಾನು ಓದಿ ಹೇಳಿರಲಿಲ್ಲ. ಅವನು ಕೇಳಿರಲಿಲ್ಲ.

ಚಾವಿ ತಿರುಗಿಸಿದ. ಟಿಕ್ ಟಿಕ್ ಶುರುವಾಯಿತು. ಎಂಜಿನ್ ಎಬ್ಬಿಸಲು ಹೊರಟವನನ್ನು ತಾಯಿ ಒಳಗಿನಿಂದಲೇ ತಡೆದರು.

"ಹೊಸಾ ಸಾಮಾನು, ಪೂಜಿ ಇಲ್ದ ಚಾಲೂ ಮಾಡಬ್ಯಾಡ. ತಡಿ, ಬಂದೆ."

"ಬಾರ್ಬೇ ಲಗೂನ. ಇಲ್ಲಿ ಕೇಳು, ಹೆಂಗ ನುಡೀತೈತೆ" ಎಂದ ಗೆಳೆಯ. ತಾಯಿಗೆ ಕೇಳಿಸಲೆಂದೇ ಚಾವಿಯನ್ನು ಹಾಗೇ ಬಿಟ್ಟ.

ಅವರು ಹೊಸ್ತಿಲಲ್ಲಿ ನಿಂತು ಕಿವಿಗೊಟ್ಟರು. "ಹಲ್ಲಿ ನುಡಿದಂಗ ಐತಲ್ಲೋ. ಒಳ್ಳೆ ಶಕುನ" ಎಂದು ನೆಲಕ್ಕೆ ಮೂರು ಸಲ ಬೆರಳು ಕುಟ್ಟಿ, ತಟ್ಟೆಯ ಕರ್ಪೂರ ಹಚ್ಚತೊಡಗಿದರು.

ಸದ್ದು ಒಂದು ಗಳಿಗೆ ನಿಧಾನವಾಯಿತು. ನಿಲ್ಲುತ್ತದೆ ಅಂದುಕೊಂಡೆ. ನಿಲ್ಲಲಿಲ್ಲ. ಮತ್ತೆ ಒಂದೇ ಸಮನೆ ಬಡಿಯತೊಡಗಿತು. ಆಮೇಲೆ ವಾಸನೆ ಬಂತು. ಮೇಲಕ್ಕೆತ್ತಿದ ಬಾನೆಟ್ಟಿನ ಕೆಳಗೆ, ಚಕ್ರದ ಪಕ್ಕದ ಕಲ್ಲಿನ ಮೇಲೆ, ಅಂಗೈಯಗಲ ಒದ್ದೆ ಕಂಡಿತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ ಎಂದು ನಾನು ಆ ವಾರವೇ ಹುಡುಗರಿಗೆ ಹೇಳಿದ್ದೆ. ಆ ಮಾತು ನನ್ನ ತಲೆಯಲ್ಲಿ ಅಕ್ಷರಕ್ಷರವಾಗಿ ಬಂತು. ಜೊತೆಗೆ ಆ ಎರಡು ಭಾನುವಾರಗಳೂ ಬಂದವು. ಪೂಜೆಯ ತಟ್ಟೆ ಹಿಡಿದು ಬರುತ್ತಿರುವವರಿಗೆ ಕರ್ಪೂರ ಆರಿಸಿ ಎಂದು ಹೇಳುವುದು ಹೇಗೆ? ಹೆಚ್ಚೇನೂ ಆಗಲಿಕ್ಕಿಲ್ಲ, ಅಂಗಳ ಬಯಲು, ಗಾಳಿ ಇದೆ, ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಹತ್ತು ಹೆಜ್ಜೆ ಮುಗಿದಿತ್ತು.

ಅವರು ರೇಡಿಯೇಟರಿಗೆ ವಿಭೂತಿ ಎಳೆದರು. ತಟ್ಟೆ ಬೆಳಗಲು ಸ್ವಲ್ಪ ಬಗ್ಗಿದರು.

ಸದ್ದು ದೊಡ್ಡದೇನಲ್ಲ, ಒದ್ದೆ ಕಂಬಳಿ ಒದರಿದಂತೆ. ಬೆಂಕಿ ಮೇಲಿನಿಂದ ಬರಲಿಲ್ಲ, ನೆಲದಿಂದ ಎದ್ದು ಅವರ ಸೆರಗು ಹಿಡಿಯಿತು. ಗೆಳೆಯ ಅವರನ್ನು ಎಳೆದುಕೊಂಡು ಕಟ್ಟೆಯ ಮೇಲಿದ್ದ ಕಂಬಳಿ ಹೊದಿಸಿ ಅದುಮಿದ. ನಾನು ನಿಂತೇ ಇದ್ದೆ. ಪಂಪು ಇನ್ನೂ ಬಡಿಯುತ್ತಿತ್ತು, ಬೆಂಕಿಗೆ ಪೆಟ್ರೋಲು ಉಣಿಸುತ್ತಿತ್ತು. ಚಾವಿ ನನ್ನ ಕೈಗೆಟುಕುವಷ್ಟು ಹತ್ತಿರ ಇತ್ತು.

"ಚಾವಿ ತಿರುವ್ರಿ ಮೇಷ್ಟ್ರೆ" ಎಂದು ಅವನು ಕೂಗಿದ ಮೇಲೆ ತಿರುಗಿಸಿದೆ. ಗೋಡೆಯ ಬುಡದಲ್ಲಿದ್ದ ಮರಳನ್ನು ಬೊಗಸೆಯಲ್ಲಿ ತೋಡಿ ಸುರಿದೆ. ಟ್ಯಾಂಕಿಗೆ ಹತ್ತುವ ಮೊದಲೇ ಬೆಂಕಿ ಆರಿತು. ಓಣಿಯ ಜನ ಬರುವ ಹೊತ್ತಿಗೆ ಹೊಗೆ ಮಾತ್ರ ಇತ್ತು.

ಅವರ ಬಲಗೈ ಮೊಣಕೈಯವರೆಗೆ ಸುಟ್ಟಿತ್ತು. ಜಟಕಾದಲ್ಲಿ ಆಸ್ಪತ್ರೆಗೆ ಒಯ್ದೆವು. ಒಳಗೆ ಕಟ್ಟು ಕಟ್ಟುತ್ತಿದ್ದಾಗ ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತೆವು. ಅವನ ಹುಬ್ಬು ಸುಟ್ಟು ಮುಖ ಬೇರೆಯವರದಂತೆ ಕಾಣುತ್ತಿತ್ತು. ಅವನು ಅಂದ:

"ವಾಸ್ನಿ ನನಗೂ ಬಂತ್ರಿ. ನಿಮ್ಮ ಮಾರಿ ನೋಡಿದೆ. ನೀವು ಸುಮ್ಮನಿದ್ರಿ. ಓದಿದೋರು ಸುಮ್ಮನದಾರಂದ್ರ ಏನೂ ಇರಾಕಿಲ್ಲ ಅಂದ್ಕಂಡೆ."

ದೂರುವ ದನಿಯಲ್ಲಿ ಹೇಳಲಿಲ್ಲ. ತನ್ನ ತಪ್ಪನ್ನು ಒಪ್ಪಿಕೊಳ್ಳುವವನಂತೆ ಹೇಳಿದ. ನಾನು ಆಗಲೂ ಸುಮ್ಮನೇ ಇದ್ದೆ.

ಮೂರು ವಾರ ಬಿಟ್ಟು ಆ ಮನೆಗೆ ಹೋದೆ. ಗೆಳೆಯ ಮೊಸರು ತರಲು ಹೊರಗೆ ಹೋಗಿದ್ದ. ಪಕ್ಕದ ಮನೆಯವರು ಬಡಿದುಕೊಟ್ಟ ರೊಟ್ಟಿ ಬುಟ್ಟಿಯಲ್ಲಿತ್ತು. ನಾನೇ ಹಾಕಿಕೊಳ್ಳುತ್ತೇನೆ ಎಂದರೂ ಅವನ ತಾಯಿ ಬಿಡಲಿಲ್ಲ. ಬಲಗೈಯ ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಎಡಗೈಯಿಂದ ರೊಟ್ಟಿ ಎತ್ತಿದರು. ಎತ್ತಿ ತಡೆದರು.

"ಎಡಗೈಲೆ ಹಾಕ್ತೀನಿ ತಮ್ಮಾ. ಬ್ಯಾಸರ ಮಾಡ್ಕಬ್ಯಾಡ್ರಿ."

ಅಲ್ಲಿಗೆ ನನಗೆ ತಡೆಯಲಾಗಲಿಲ್ಲ.

"ಅಮ್ಮ, ಹತ್ತಿಕೊಳ್ಳುತ್ತೆ ಅಂತ ನನಗೆ ಗೊತ್ತಿತ್ತು" ಅಂದೆ.

ಅವರು ರೊಟ್ಟಿ ಹಿಡಿದೇ ನನ್ನನ್ನು ನೋಡಿದರು. "ಗೊತ್ತಿದ್ದು ಯಾಕ ಹೇಳ್ಲಿಲ್ಲ?"

"ನಿಮಗೆ ಬೇಜಾರಾಗುತ್ತೆ ಅಂತ."

ಅವರು ಯೋಚಿಸಿ ಹೇಳಿದರು: "ಆಗ್ತಿತ್ತು. ಎರಡು ವಾರ ಮಾತು ಬಿಡ್ತಿದ್ದೆ. ಆಮ್ಯಾಲೆ ಆಡ್ತಿದ್ದೆ. ಅಷ್ಟ ಅಲ್ಲೇನು?"

ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದರು. "ಉಣ್ರಿ" ಅಂದರು. ಬೈಯಲಿಲ್ಲ. ಮಗನಿಗೆ ಹೇಳಲೂ ಇಲ್ಲವೆಂದು ಕಾಣುತ್ತದೆ. ಅವನು ಮೊಸರು ತಂದು, ಕಾರಿನ ಸುಟ್ಟ ವೈರುಗಳ ಮಾತೆತ್ತಿ, ಎಂದಿನಂತೆ ನನ್ನ ಪಕ್ಕದಲ್ಲಿ ಕೂತು ಉಂಡ. ನಾನು ಹೆದರಿದ್ದು ಯಾವುದಕ್ಕೋ ಅದು ಆಗಲೇ ಇಲ್ಲ. ಆ ಮನೆ ನನ್ನನ್ನು ಹೊರಗೆ ಹಾಕಲಿಲ್ಲ.

ಆ ಕೈಯ ರೊಟ್ಟಿಯನ್ನು ಮತ್ತೆ ಹೇಗೆ ಉಣ್ಣಲಿ ಎಂದು, ಮುಂದಿನ ಭಾನುವಾರ ದಾವಣಗೆರೆ ಸ್ಟೇಷನ್ನಿನವರೆಗೆ ಹೋಗಿ ಹಿಂದಿರುಗಿದೆ. ಅದರ ಮುಂದಿನ ವಾರ ಅಲ್ಲಿಯವರೆಗೂ ಹೋಗಲಿಲ್ಲ. ಪರೀಕ್ಷೆಯ ಹೊತ್ತು ಎಂದು ಒಂದು ಕಾಗದ ಬರೆದೆ.

ಒಂದು ದಿನ ಓಣಿಯಲ್ಲಿ ಹಾರ್ನ್ ಕೇಳಿಸಿತು. ಗೆಳೆಯ ಕಾರನ್ನು ಹಳೆಯ ಪಂಪಿನಲ್ಲೇ ಮತ್ತೆ ಎಬ್ಬಿಸಿ, ದಾವಣಗೆರೆಯವರೆಗೆ ಓಡಿಸಿಕೊಂಡು ಬಂದಿದ್ದ. ಬಾನೆಟ್ಟಿನ ಬಣ್ಣ ಇನ್ನೂ ಗುಳ್ಳೆ ಎದ್ದಂತಿತ್ತು.

"ಅವ್ವ ಕರೀತಾಳೆ. ಕಟ್ಟು ಬಿಚ್ಚ್ಯಾರ, ಇವತ್ತು ತಾನ ರೊಟ್ಟಿ ಬಡೀತಾಳಂತೆ. ಹತ್ರಿ."

"ಪೇಪರ್ ತಿದ್ದಬೇಕು" ಅಂದೆ.

ಅವನು ನನ್ನ ಭುಜದಾಚೆ ಕೋಣೆಯೊಳಗೆ ನೋಡಿದ. ಮೇಜಿನ ಮೇಲೆ ಏನೂ ಇರಲಿಲ್ಲ. ಗೇರು ಹಾಕಿ, "ಆತು ಬಿಡ್ರಿ, ಮುಂದಿನ ವಾರ ಬರ್ರಿ" ಎಂದು ಹಿಂದಕ್ಕೆ ತೆಗೆದ. ಆ ಬೇಸಿಗೆಯಲ್ಲಿ ನಾನೇ ವರ್ಗಾವಣೆ ಬೇಡಿಕೊಂಡು ಬೇರೆ ಊರಿನ ಕಾಲೇಜಿಗೆ ಹೋದೆ. ಹೋಗುವ ಮುಂಚೆ ಹರಿಹರಕ್ಕೆ ಹೋಗಲಿಲ್ಲ.